ಮೊದಲು ಛೇದ ನೋಡಿ: ಪುಣೆಯ ಆರೋಗ್ಯ ಯೋಜನೆಯನ್ನು ಪರಿಶೀಲಿಸುವ ಬಗೆ

ಪಾಲಿಕೆಯ ಆರೋಗ್ಯ ಯೋಜನೆ ಒಂದೇ ಪುಸ್ತಕವಾಗಿ ಸಿಗುತ್ತದೆ ಅಂದುಕೊಂಡು ಹುಡುಕಹೋದರೆ ಬರಿಗೈಯಲ್ಲಿ ವಾಪಸಾಗುತ್ತೀರಿ. ಪುಣೆಯಲ್ಲಿ ಅದು ನಾಲ್ಕೈದು ಕಡೆ ಚದುರಿಕೊಂಡಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡಿಗಾಗಿ ಕಳಿಸುವ ಪಿಐಪಿ ಒಂದು ಕಡೆ, ಅದರಲ್ಲಿ ಎಷ್ಟು ಮಂಜೂರಾಯಿತು ಎಂದು ತಿಳಿಸುವ ಆರ್‌ಒಪಿ ಇನ್ನೊಂದು ಕಡೆ. ಪಾಲಿಕೆಯ ಅಂದಾಜಪತ್ರಕದ (ಬಜೆಟ್ಟಿನ) ಆರೋಗ್ಯ ಭಾಗ, ಮಳೆಗಾಲಕ್ಕೆ ಮುಂಚಿನ ಸಾಂಕ್ರಾಮಿಕ ರೋಗಗಳ ತಯಾರಿ, ವರ್ಷಕ್ಕೊಮ್ಮೆ ಬರುವ ಪರಿಸರ ಸ್ಥಿತಿ ವರದಿ ಬೇರೆಬೇರೆ ಕಪಾಟುಗಳಲ್ಲಿರುತ್ತವೆ. ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿಕೊಂಡಾಗಷ್ಟೇ ಪರಿಶೀಲನೆ ಶುರುವಾಗುತ್ತದೆ.

ಕನ್ನಡ ಸಂಘದವರೋ ಹೌಸಿಂಗ್ ಸೊಸೈಟಿಯವರೋ ಕೂಡಿ ಈ ಕೆಲಸ ಮಾಡಬಹುದು. ನಾಲ್ಕೈದು ಜನ, ಆರು ವಾರ ಸಾಕು. ಒಬ್ಬರಿಗೆ ಮರಾಠಿ ಕಚೇರಿ ಭಾಷೆ ಸಲೀಸಾಗಿ ಓದಲು ಬರಬೇಕು, ಒಬ್ಬರಿಗೆ ಎಕ್ಸೆಲ್ ಬರಬೇಕು, ಒಬ್ಬರು ಡಾಕ್ಟರೋ ನರ್ಸೋ ಆಗಿದ್ದರೆ ಒಳ್ಳೆಯದು. ಇಡೀ ಊರನ್ನು ಹಿಡಿಯಬೇಡಿ. ಒಂದು ಕ್ಷೇತ್ರೀಯ ಕಾರ್ಯಾಲಯದ (ವಾರ್ಡ್ ಕಚೇರಿಯ) ವ್ಯಾಪ್ತಿ, ಅದರಲ್ಲಿ ಮೂರು ವಿಷಯ, ಅಷ್ಟಕ್ಕೇ ನಿಲ್ಲಿ. ಹನ್ನೆರಡು ವಿಷಯ ಹಿಡಿದವರ ವರದಿ ಪೀಠಿಕೆಯನ್ನೇ ದಾಟುವುದಿಲ್ಲ.

ಕಾಗದ ಕೂಡಿಸುವುದು

ಮೊದಲ ಎರಡು ವಾರ ಇದಕ್ಕೇ ಹೋಗುತ್ತದೆ. ಯೋಜನೆಯ ಪ್ರತಿ, ಅದರ ಹಿಂದಿನ ಯೋಜನೆ, ಮೂರು ವರ್ಷದ ಅಂದಾಜಪತ್ರಕ, ನಿಮ್ಮ ಭಾಗದ ದವಾಖಾನೆಗಳ ಸಿಬ್ಬಂದಿ ಪಟ್ಟಿ, ದವಾಖಾನೆವಾರು ಎಚ್‌ಎಂಐಎಸ್ (ಸರ್ಕಾರಿ ಆರೋಗ್ಯ ದಾಖಲೆ ವ್ಯವಸ್ಥೆ) ಮಾಸಿಕ ಅಂಕಿಗಳು, ಜನನ-ಮರಣ ನೋಂದಣಿಯ ಲೆಕ್ಕ: ಇಷ್ಟು ಬೇಕು. ಹಿಂದಿನ ಯೋಜನೆಯನ್ನು ಬಹಳ ಜನ ಮರೆಯುತ್ತಾರೆ. ಹೊಸದರಲ್ಲಿ ಏನಿದೆ ಎನ್ನುವುದಕ್ಕಿಂತ ಹಳೆಯದರಲ್ಲಿದ್ದ ಯಾವ ಸಾಲು ಸದ್ದಿಲ್ಲದೆ ಮಾಯವಾಗಿದೆ ಎನ್ನುವುದು ಹೆಚ್ಚು ಹೇಳುತ್ತದೆ.

ಸಿಗದ ಕಾಗದಕ್ಕೆ ಎರಡು ದಾರಿ. ಮಹಾರಾಷ್ಟ್ರ ಸರ್ಕಾರದ 2018ರ ನವೆಂಬರ್ ಆದೇಶದ ಪ್ರಕಾರ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಕಡತಗಳನ್ನು ನೇರವಾಗಿ ನೋಡಬಹುದು. ಮೊದಲು ಇದನ್ನೇ ಬಳಸಿ, ಯಾವ ಕಡತದಲ್ಲಿ ಏನಿದೆ ಎಂಬ ಅಂದಾಜು ಸಿಗುತ್ತದೆ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ; ಅಷ್ಟರಲ್ಲಿ ಸಿಕ್ಕ ಕಾಗದಗಳ ಮೇಲೆ ಕೆಲಸ ಮುಂದುವರಿಸಿ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಸಿಬ್ಬಂದಿ, ಔಷಧ, ಡೆಂಗಿ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ವಾಪಸು ಬರುತ್ತದೆ, ಮೂರು ಅರ್ಜಿ ಹಾಕಿ. ಮರಾಠಿ, ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಬರೆಯಿರಿ, ಇಲ್ಲಿ ಕನ್ನಡದ ಅರ್ಜಿ ನಡೆಯುವುದಿಲ್ಲ. ‘ಏಕೆ’ ಎಂದು ಕೇಳಬೇಡಿ, ‘ಯಾವ ದಾಖಲೆ’ ಎಂದು ಕೇಳಿ. ಕಾರಣ ಕೊಡುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ದಾಖಲೆ ಕೊಡುವ ಹೊಣೆ ಇದೆ.

ಕೆಲವು ಮರಾಠಿ ಪದ ಮೊದಲೇ ಗೊತ್ತಿದ್ದರೆ ತಲೆನೋವು ಕಡಿಮೆ. ಮಂಜೂರ್ ಪದೇ ಎಂದರೆ ಒಪ್ಪಿಗೆಯಾದ ಹುದ್ದೆಗಳು, ರಿಕ್ತ ಪದೇ ಎಂದರೆ ಖಾಲಿ ಹುದ್ದೆಗಳು. ತರತೂದ್ ಎಂದರೆ ತೆಗೆದಿಟ್ಟ ಹಣ, ನಮ್ಮ ಹಳೆಯ ತರತೂದಿನ ಬಳಗವೇ. ಅರ್ಭಕ ಮೃತ್ಯೂ ಎಂದರೆ ವರ್ಷ ತುಂಬುವ ಮೊದಲಿನ ಶಿಶುಮರಣ, ಉಪಜತ ಮೃತ್ಯೂ ಎಂದರೆ ಸತ್ತೇ ಹುಟ್ಟಿದ ಕೂಸು. ಈ ಎರಡನ್ನು ಕೂಡಿಸಿದರೆ ಲೆಕ್ಕ ಕೆಟ್ಟಿತು. ಇನ್ನೊಂದು, ‘ನಿರಂಕ’. ಏನೂ ಇಲ್ಲ, ಸೊನ್ನೆ ಎಂದರ್ಥ. ಆದರೆ ಎಣಿಸಿ ಸೊನ್ನೆ ಬಂದದ್ದೂ ಎಣಿಸದೇ ಬಿಟ್ಟದ್ದೂ ವರದಿಯಲ್ಲಿ ಒಂದೇ ನಿರಂಕವಾಗಿ ಕೂತಿರಬಹುದು. ಸತತ ಹನ್ನೆರಡು ತಿಂಗಳು ನಿರಂಕ ಬರೆದ ದವಾಖಾನೆ ಕಂಡರೆ ಪಕ್ಕದಲ್ಲಿ ಕೆಂಪು ಗೆರೆ ಎಳೆಯಿರಿ.

ಛೇದ

ಶಾಲೆಯ ಭಿನ್ನರಾಶಿ ನೆನಪಿರಲಿ: ಮೇಲಿನದು ಅಂಶ, ಕೆಳಗಿನದು ಛೇದ. ಯೋಜನೆ ಬರೆದವರು ಅಂಶವನ್ನು ದಪ್ಪಕ್ಷರದಲ್ಲಿ ತೋರಿಸುತ್ತಾರೆ. ಎಷ್ಟು ಮಕ್ಕಳಿಗೆ ಲಸಿಕೆ, ಎಷ್ಟು ಜನರ ತಪಾಸಣೆ, ಎಷ್ಟು ಶಿಬಿರ. ಎಷ್ಟು ಜನರಲ್ಲಿ ಎಂದು ಕೇಳಿದರೆ ಕೋಣೆ ನಿಶ್ಶಬ್ದವಾಗುತ್ತದೆ. ಪರಿಶೀಲನೆಯ ಮುಕ್ಕಾಲು ಪಾಲು ಕೆಲಸ ಈ ಛೇದದಲ್ಲೇ ಇದೆ, ಅದಕ್ಕೆ ಇಲ್ಲಿ ಸಾವಕಾಶವಾಗಿ ಕೂರಬೇಕು.

2011ರ ಜನಗಣತಿಯಲ್ಲಿ ಪುಣೆ ಪಾಲಿಕೆಯ ಜನಸಂಖ್ಯೆ 31.24 ಲಕ್ಷ. ಅದಾದ ಮೇಲೆ 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಪಾಲಿಕೆಗೆ ಸೇರಿದವು. ಉರುಳಿ ದೇವಾಚಿ, ಫುರಸುಂಗಿ ಎರಡನ್ನು ಆಮೇಲೆ ಹೊರಗಿಡಲಾಯಿತು. ನಿಮ್ಮ ಕೈಯಲ್ಲಿರುವ ಯೋಜನೆ ಯಾವ ಜನಸಂಖ್ಯೆ ಹಿಡಿದಿದೆ, ಯಾವ ಹಳ್ಳಿಗಳು ಒಳಗಿವೆ ಎಂದು ಮೊದಲ ದಿನವೇ ಬರೆದುಕೊಳ್ಳಿ. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾನದಂಡ 50,000 ಜನಕ್ಕೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. 31.24 ಲಕ್ಷ ಹಿಡಿದರೆ 63 ಕೇಂದ್ರ ಸಾಕು. ಜನಸಂಖ್ಯೆ 40 ಲಕ್ಷ ಎಂದು ಹಿಡಿದು ನೋಡಿ, 80 ಬೇಕಾಗುತ್ತದೆ. ಹಳೆಯ ಛೇದ ಇಟ್ಟುಕೊಂಡರೆ ಹದಿನೇಳು ದವಾಖಾನೆಗಳ ಕೊರತೆ ಕಾಗದದ ಮೇಲೆ ಕಾಣಿಸುವುದೇ ಇಲ್ಲ.

ಇದು ಬರಿ ಲೆಕ್ಕದ ಮಾತಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ನರಗಳನ್ನು ದುರ್ಬಲಗೊಳಿಸುವ ಗಿಯಾನ್-ಬಾರೆ ಕಾಯಿಲೆ ಹಬ್ಬಿದಾಗ 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಹೆಚ್ಚು ಸುದ್ದಿಯಾದ ನಾಂದೇಡ್, ಕಿರ್ಕಟವಾಡಿ, ಧಾಯರಿ ಮೂರೂ ಪಾಲಿಕೆಗೆ ಆಮೇಲೆ ಸೇರಿದ ಹಳ್ಳಿಗಳು. ಕುಡಿಯುವ ನೀರಿನ ಮೇಲೇ ಎಲ್ಲರ ಕಣ್ಣು ಬಿದ್ದಿತು. ಹಾಗಾಗಿ ನಿಮ್ಮ ಭಾಗದಲ್ಲಿ ಸೇರ್ಪಡೆಯಾದ ಹಳ್ಳಿಯಿದ್ದರೆ ನೀರು, ಚರಂಡಿ, ದವಾಖಾನೆ ಮೂರಕ್ಕೂ ಅದರ ಹೆಸರು ಯೋಜನೆಯಲ್ಲಿ ಇದೆಯೇ ಎಂದು ಒಂದೊಂದಾಗಿ ಹುಡುಕಿ.

ಛೇದ ತಪ್ಪಿದೆ ಎಂಬುದಕ್ಕೆ ಸುಲಭದ ಗುರುತು ನೂರನ್ನು ದಾಟಿದ ಶೇಕಡಾವಾರು. ಲಸಿಕೆ ಶೇ 108 ಎಂದು ಕಂಡರೆ ಹೆಮ್ಮೆಪಡುವಂಥದ್ದಲ್ಲ. ಎಣಿಕೆಯಲ್ಲಿಲ್ಲದ ಕೂಸುಗಳು ಸೂಜಿಗೆ ಬಂದಿವೆ ಎಂದರ್ಥ. ಹಾಗಿದ್ದಮೇಲೆ ಎಣಿಕೆಯಲ್ಲೂ ಇಲ್ಲದ, ಸೂಜಿಗೂ ಬಾರದ ಕೂಸುಗಳು ಇನ್ನೆಷ್ಟೋ.

ಇಂಥ ಕೂಸುಗಳಲ್ಲಿ ನಮ್ಮವೂ ಇವೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಲೇಬರ್ ಕ್ಯಾಂಪಿನ ತಗಡಿನ ಶೆಡ್ಡುಗಳಲ್ಲಿ ಇರುವವರು ಮತದಾರರ ಪಟ್ಟಿಯಲ್ಲಿಲ್ಲ, ರೇಷನ್ ಕಾರ್ಡ್ ಊರಲ್ಲಿದೆ, ಕಟ್ಟಡ ಮುಗಿದರೆ ಕ್ಯಾಂಪೇ ಎತ್ತಂಗಡಿ. ಬಸುರಿಯಾದಾಕೆ ಇಲ್ಲಿ ಹೆಸರು ಬರೆಸಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಪುಣೆಯ ಲೆಕ್ಕದಲ್ಲಿ ಆಕೆ ‘ಹೆರಿಗೆ ದಾಖಲಾಗದ ಗರ್ಭಿಣಿ’. ಊರಲ್ಲಿ ಹೊಸ ತಾಯಿ ಕಾರ್ಡ್ ಮಾಡಿಸಿದರೆ ಅಲ್ಲಿ ‘ತಡವಾಗಿ ಬಂದ ಗರ್ಭಿಣಿ’. ಆರ್‌ಸಿಎಚ್ (ತಾಯಿ-ಮಗುವಿನ ನೋಂದಣಿ) ನಂಬರ್ ಒಂದೇ ಇಟ್ಟುಕೊಂಡು ಹೋಗುವ ಏರ್ಪಾಟು ಯೋಜನೆಯಲ್ಲಿ ಇದೆಯೇ, ಕ್ಯಾಂಪುಗಳ ಪಟ್ಟಿಯನ್ನು ಎಷ್ಟು ತಿಂಗಳಿಗೊಮ್ಮೆ ತಾಜಾ ಮಾಡುತ್ತಾರೆ, ಕಟ್ಟಡ ಪರವಾನಗಿ ಕೊಡುವ ವಿಭಾಗ ಆ ಪಟ್ಟಿಯನ್ನು ಆರೋಗ್ಯ ವಿಭಾಗಕ್ಕೆ ಕೊಡುತ್ತದೆಯೇ, ಈ ಮೂರನ್ನು ಬರೆದು ಕೇಳಿ.

ಇನ್ನೊಂದು ಎಡವಟ್ಟು ಗಡಿಗಳದು. ಚುನಾವಣಾ ಪ್ರಭಾಗ (ವಾರ್ಡ್), ಕ್ಷೇತ್ರೀಯ ಕಾರ್ಯಾಲಯ, ದವಾಖಾನೆಯ ವ್ಯಾಪ್ತಿ ಮೂರರ ಗೆರೆಗಳೂ ಒಂದರ ಮೇಲೊಂದು ಕೂರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ತೋರಿಸಿದರೆ ಅದು ಪುಣೆ ಜಿಲ್ಲೆಯದು. ಜುನ್ನರ್, ಭೋರ್ ಎಲ್ಲ ಅದರಲ್ಲಿವೆ. ಅದನ್ನು ಊರಿನ ಅಂಕಿಯೆಂದು ಹಾಕಿದ್ದರೆ ಆ ಕೋಷ್ಟಕವನ್ನೇ ಬದಿಗಿಡಿ.

ವಾಕ್ಯಗಳನ್ನು ಜಾಲಾಡುವುದು

ಈಗ ಯೋಜನೆಯ ಪ್ರತಿ ಭರವಸೆಯನ್ನೂ ಒಂದೊಂದು ಸಾಲಾಗಿ ಎಕ್ಸೆಲ್ಲಿಗೆ ಇಳಿಸಿ. ಮುಂದೆ ಆರು ಕಾಲಮ್: ಯಾರಿಗೆ, ಎಷ್ಟು ಜನರಲ್ಲಿ, ಈಗ ಎಷ್ಟು, ಯಾವಾಗಿನೊಳಗೆ ಎಷ್ಟು, ಯಾವ ಹುದ್ದೆಯವರ ಹೊಣೆ, ಯಾವ ಲೆಕ್ಕಶೀರ್ಷಿಕೆಯ ಹಣ. ‘ಬಲಪಡಿಸಲಾಗುವುದು’, ‘ಜಾಗೃತಿ ಮೂಡಿಸಲಾಗುವುದು’, ‘ಸಮನ್ವಯ ಸಾಧಿಸಲಾಗುವುದು’ ಎಂಬ ಸಾಲುಗಳಲ್ಲಿ ಆರೂ ಕಾಲಮ್ ಖಾಲಿ ಉಳಿಯುತ್ತವೆ. ಖಾಲಿ ಬಿಡಿ, ನೀವು ತುಂಬಬೇಡಿ. ಪೂರ್ತಿ ಖಾಲಿ ಉಳಿದ ಸಾಲುಗಳು ನೂರರಲ್ಲಿ ಎಷ್ಟು ಎಂಬುದೇ ನಿಮ್ಮ ಮೊದಲ ಫಲಿತಾಂಶ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ‘30 ವರ್ಷ ಮೇಲ್ಪಟ್ಟವರ ರಕ್ತದೊತ್ತಡ ತಪಾಸಣೆ ಶಿಬಿರಗಳನ್ನು ನಡೆಸಲಾಗುವುದು.’ ಶಿಬಿರ ನಡೆಯುತ್ತದೆ, 10,000 ಜನರ ಬಿಪಿ ನೋಡುತ್ತಾರೆ, ಗುರಿ ಮುಟ್ಟಿತು. ಉದಾಹರಣೆಗೆಂದು ಮುಂದಿನ ಮೆಟ್ಟಿಲುಗಳನ್ನು ಇಳಿಯಿರಿ: 2,000 ಜನಕ್ಕೆ ಒತ್ತಡ ಹೆಚ್ಚಿತ್ತು, 1,200 ಜನ ಗುಳಿಗೆ ಶುರು ಮಾಡಿದರು, ಮೂರು ತಿಂಗಳ ಮೇಲೆ 500 ಜನ ವಾಪಸು ಬಂದರು, ಅವರಲ್ಲಿ 250 ಜನರದು 140/90ಕ್ಕಿಂತ ಕೆಳಗಿತ್ತು. ಪಾರ್ಶ್ವವಾಯು ತಪ್ಪುವುದು ಈ ಕೊನೆಯ ಮೆಟ್ಟಿಲಿನಿಂದ, 2,000ದಲ್ಲಿ 250. ಹಾಗಾಗಿ ಆ ಸಾಲನ್ನು ಹೀಗೆ ಬದಲಿಸಿ ಎಂದು ಬರೆದುಕೊಡಿ: ‘ದವಾಖಾನೆಯಲ್ಲಿ ನೋಂದಾಯಿತ ರಕ್ತದೊತ್ತಡ ರೋಗಿಗಳಲ್ಲಿ ಕಳೆದ ತ್ರೈಮಾಸಿಕದ ಕೊನೆಯ ಭೇಟಿಯಲ್ಲಿ 140/90ಕ್ಕಿಂತ ಕಡಿಮೆ ಇದ್ದವರು ಶೇ ಎಷ್ಟು.’ ಬಾರದವರನ್ನು ಛೇದದಿಂದ ತೆಗೆಯಬಾರದು ಎಂದೂ ಸೇರಿಸಿ. ತೆಗೆದರೆ 500ಕ್ಕೆ 250, ಶೇ 50 ಎಂದು ಹೊಳೆಯುತ್ತದೆ.

ದುಡ್ಡಿನ ಜಾಡು

ಅಂದಾಜಪತ್ರಕದಲ್ಲಿ ಒಂದೇ ಬಾಬತ್ತಿನ ಎದುರು ಹಲವು ಅಂಕಿಗಳಿರುತ್ತವೆ: ಹಿಂದಿನ ವರ್ಷದ ನಿಜ ಖರ್ಚು, ಈ ವರ್ಷದ ತರತೂದ್, ಪರಿಷ್ಕೃತ ಅಂದಾಜು, ಮುಂದಿನ ವರ್ಷದ್ದು. ಪತ್ರಿಕೆಯಲ್ಲಿ ಬರುವುದು ಕೊನೆಯದು, ನೀವು ನೋಡಬೇಕಾದ್ದು ನಿಜ ಖರ್ಚು. ಸೊಳ್ಳೆ ನಿಯಂತ್ರಣಕ್ಕೆ 2 ಕೋಟಿ ಇಟ್ಟು, ಪರಿಷ್ಕರಣೆಯಲ್ಲಿ 80 ಲಕ್ಷಕ್ಕಿಳಿಸಿ, 55 ಲಕ್ಷ ಖರ್ಚಾಗಿದ್ದರೆ, ಮತ್ತೆ 2 ಕೋಟಿ ಇಟ್ಟ ಮಾತ್ರಕ್ಕೆ ಯೋಜನೆ ಆಗಲಿಲ್ಲ. ಮುದ್ರಿತ ಪುಸ್ತಕದ ನಿಜ ಖರ್ಚು ಹಳೆಯದಾಗಿರುತ್ತದೆ, ಚಾಲ್ತಿ ವರ್ಷದ್ದಕ್ಕೆ ಅರ್ಜಿ ಹಾಕಲೇಬೇಕು. ಪುಣೆಯಲ್ಲಿ ಒಂದು ಬಾಬತ್ತಿನ ಹಣವನ್ನು ಇನ್ನೊಂದಕ್ಕೆ ಸರಿಸುವುದಕ್ಕೆ ‘ವರ್ಗೀಕರಣ’ ಎನ್ನುತ್ತಾರೆ. ಆರೋಗ್ಯದ ಬಾಬತ್ತುಗಳಿಂದ ಹೊರಹೋದ ವರ್ಗೀಕರಣದ ಪಟ್ಟಿ ಕೇಳಿ. ಎಲ್ಲಿಗೆ ಹೋಯಿತು ಎಂದು ಓದುವಾಗ ಬೇಜಾರಾಗಬೇಡಿ.

ಹುದ್ದೆಗಳಿಗೂ ಇದೇ ಕ್ರಮ: ಮಂಜೂರು ಎಷ್ಟು, ಭರ್ತಿ ಎಷ್ಟು, ಕಾಯಂ ಎಷ್ಟು, ಗುತ್ತಿಗೆ ಎಷ್ಟು. ಲ್ಯಾಬ್ ತಂತ್ರಜ್ಞರಿಲ್ಲದ ದವಾಖಾನೆಯಲ್ಲಿ ‘ಸಕ್ಕರೆ ಕಾಯಿಲೆ ಪತ್ತೆ’ ಎಂಬ ಗುರಿಯಿದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇಡಿ, ಬೇರೆ ವಿಮರ್ಶೆ ಬೇಕಿಲ್ಲ.

ರೋಗದ ಲೆಕ್ಕದಲ್ಲಿ ಎಡವುವ ಜಾಗಗಳು

ಡೆಂಗಿ ಕಡಿಮೆಯಾಯಿತು ಎಂಬ ವಾಕ್ಯ ನಂಬುವ ಮೊದಲು ಯಾವ ಪರೀಕ್ಷೆ ಎಂದು ನೋಡಿ. ಸರ್ಕಾರಿ ಲೆಕ್ಕದಲ್ಲಿ ‘ಖಚಿತ’ ಆಗುವುದು ಸಾಮಾನ್ಯವಾಗಿ ಪ್ರಯೋಗಾಲಯದ ಎಲೈಸಾ ಪರೀಕ್ಷೆಯಿಂದ. ಖಾಸಗಿ ಆಸ್ಪತ್ರೆಯ ಎನ್‌ಎಸ್1 ರ‍್ಯಾಪಿಡ್ ಕಿಟ್ ಪಾಸಿಟಿವ್ ಬಂದರೂ ಅದು ‘ಖಚಿತ’ ಅಲ್ಲ. ಆ ವರ್ಷ ಎಷ್ಟು ಮಾದರಿ ಪರೀಕ್ಷಿಸಿದರು ಎಂಬ ಛೇದವಿಲ್ಲದೆ ಖಚಿತ ಪ್ರಕರಣಗಳ ಏರಿಳಿತಕ್ಕೆ ಅರ್ಥವಿಲ್ಲ. ಲಾರ್ವಾ ಸಮೀಕ್ಷೆಗೂ ಹಾಗೇ. ಮನೆ ಸೂಚ್ಯಂಕ ಎಂದರೆ ಲಾರ್ವಾ ಸಿಕ್ಕ ಮನೆಗಳನ್ನು ನೋಡಿದ ಮನೆಗಳಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಬೀಗ ಹಾಕಿದ ಮನೆ, ಒಳಗೆ ಬಿಡದ ಸೊಸೈಟಿ ಎಷ್ಟು ಎಂದು ಕೇಳಿ. ನೋಡದ ಮನೆಗಳು ‘ಲಾರ್ವಾ ಇಲ್ಲ’ ಎಂದು ಸೇರಿಬಿಟ್ಟರೆ ಸೂಚ್ಯಂಕ ತಾನಾಗಿ ಇಳಿಯುತ್ತದೆ.

ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ವಾಸದ ಜಾಗದಲ್ಲಲ್ಲ. ಸಸೂನ್‌ನಂಥ ದೊಡ್ಡ ಆಸ್ಪತ್ರೆಗೆ ಸೋಲಾಪುರದಿಂದಲೂ ರೋಗಿಗಳು ಬರುತ್ತಾರೆ, ಆ ಸಾವು ಪುಣೆಯ ಲೆಕ್ಕಕ್ಕೆ. ಆಸ್ಪತ್ರೆಯಿರುವ ಭಾಗ ಯಮಲೋಕದಂತೆ ಕಾಣಿಸುತ್ತದೆ, ಆಸ್ಪತ್ರೆಯಿಲ್ಲದ ಬಡ ಬಸ್ತಿ ಅಮರಾವತಿಯಂತೆ. ವಾಸದ ವಿಳಾಸದ ಮೇಲೆ ವಿಂಗಡಿಸಿದ ಪಟ್ಟಿ ಕೊಡಿ ಎಂದು ಕೇಳಿ, ನೋಂದಣಿ ನಮೂನೆಯಲ್ಲಿ ಆ ವಿಳಾಸ ಇರುತ್ತದೆ.

ಸಣ್ಣ ಸಂಖ್ಯೆಗಳ ಕಾಟ ಬೇರೆ. ನಿಮ್ಮ ಭಾಗದಲ್ಲಿ ವರ್ಷಕ್ಕೆ 2,000 ಹೆರಿಗೆ, 20 ಶಿಶುಮರಣ ಎಂದುಕೊಳ್ಳಿ. ಇಂಥ ಎಣಿಕೆ ಬರಿ ಆಕಸ್ಮಿಕವಾಗಿಯೇ ತನ್ನ ವರ್ಗಮೂಲದ ಸುಮಾರು ಎರಡರಷ್ಟು ಏರಿಳಿಯಬಹುದು. 20ರ ವರ್ಗಮೂಲ ಸುಮಾರು 4.5, ಅದರ ಎರಡರಷ್ಟು 9. ಅಂದರೆ ಏನೂ ಬದಲಾಗದಿದ್ದರೂ ಸಂಖ್ಯೆ 11ರಿಂದ 29ರವರೆಗೆ ತೂಗಾಡುತ್ತದೆ. 20ರಿಂದ 15ಕ್ಕೆ ಇಳಿದದ್ದನ್ನು ಸಾಧನೆಯೆಂದು ಬರೆದಿದ್ದರೆ ಮೂರು ವರ್ಷದ ಅಂಕಿ ಕೂಡಿಸಿ ತೋರಿಸಿ ಎನ್ನಿ. ಲಕ್ಷ ಜೀವಂತ ಜನನಕ್ಕೆ ಇಷ್ಟು ಎಂದು ಅಳೆಯುವ ತಾಯಿಮರಣದ ದರವನ್ನಂತೂ ಒಂದು ವಾರ್ಡಿಗೆ ಲೆಕ್ಕ ಹಾಕಲೇಬಾರದು. ಅಲ್ಲಿ ಪ್ರತಿ ಸಾವಿನ ಪರಿಶೀಲನೆ ಆಯಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಕ್ಷಯಕ್ಕೆ ಒಂದೇ ಮಾತು: ಆರು ತಿಂಗಳ ಚಿಕಿತ್ಸೆಯ ನಡುವೆ ಊರಿಗೆ ಹೋದವರನ್ನು ಕ್ಷಯರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ವರ್ಗಾಯಿಸಿದರೇ, ಅಲ್ಲಿ ಯಾರಾದರೂ ಸ್ವೀಕರಿಸಿದರೇ? ಎರಡನೆಯದನ್ನೂ ಕೇಳಿ.

ಚಪ್ಪಲಿ ಮೆಟ್ಟಿ ಹೊರಡಿ

ಒಂದು ವಾರಾಂತ್ಯ, ಒಂದು ಕೆಲಸದ ದಿನ. ದವಾಖಾನೆಗೆ ಬೆಳಗಿನ ಹೊತ್ತು ಒಮ್ಮೆ, ಸಂಜೆ ಆರರ ಮೇಲೆ ಒಮ್ಮೆ ಹೋಗಿ. ದಿನಗೂಲಿಯವರಿಗೆ ಬರಲು ಆಗುವುದು ಸಂಜೆಯೇ. ಬಾಗಿಲ ಬಳಿಯ ಸಮಯದ ಫಲಕ, ಔಷಧ ಪಟ್ಟಿಯಲ್ಲಿ ರಕ್ತದೊತ್ತಡದ ಅಮ್ಲೋಡಿಪಿನ್ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವೆಯೇ, ಎಷ್ಟು ದಿನದ್ದು ಕೊಡುತ್ತಾರೆ ಎಂಬುದನ್ನು ನೋಡಿ. ಹತ್ತು ದಿನದ ಗುಳಿಗೆ ಕೊಟ್ಟರೆ ತಿಂಗಳಿಗೆ ಮೂರು ದಿನದ ಕೂಲಿ ಹೋಯಿತು, ಜನ ಬಿಡುವುದು ಅದಕ್ಕೇ.

ಕ್ಯಾಂಪಿನಲ್ಲಿ ನೀರಿನ ಕ್ಲೋರಿನ್ ಪರೀಕ್ಷೆ ಮಾಡಿ. ಅದಕ್ಕೆ ಬೇಕಾದ ಓಟಿ (ಆರ್ಥೊಟೊಲಿಡಿನ್) ಕಿಟ್ ಅಗ್ಗದಲ್ಲಿ ಸಿಗುತ್ತದೆ. ನೀರು ಬಿಡುವ ಹೊತ್ತಿಗೇ ಹೋಗಿ, ಮೂರು ಕಡೆ ಮಾದರಿ ತೆಗೆಯಿರಿ: ಪಾಲಿಕೆಯ ನಲ್ಲಿ ಅಥವಾ ಟ್ಯಾಂಕರಿನ ಬಾಯಿ, ಸಿಂಟೆಕ್ಸ್ ಟ್ಯಾಂಕಿನ ನಲ್ಲಿ, ಶೆಡ್ಡಿನೊಳಗಿನ ಕೊಡ. ನಲ್ಲಿ ಅರ್ಧ ನಿಮಿಷ ಹರಿಯಲಿ, ಕೊಳವೆಯನ್ನು ಅದೇ ನೀರಲ್ಲಿ ತೊಳೆದು ಗುರುತಿನವರೆಗೆ ತುಂಬಿಸಿ, ಕಿಟ್ ಹೇಳಿದಷ್ಟು ಹನಿ ಹಾಕಿ, ಕೂಡಲೇ ಹಳದಿ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ. ಬಿಸಿಲಲ್ಲಿ ಹಿಡಿದು ನಿಂತರೆ, ಹರಟುತ್ತ ತಡಮಾಡಿದರೆ ಅಳತೆ ತಪ್ಪುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುವುದು ಭಾರತೀಯ ಮಾನಕ. ನಲ್ಲಿಯಲ್ಲೇ ಸೊನ್ನೆಯಿದ್ದರೆ ಸರಬರಾಜಿನ ದೋಷ. ನಲ್ಲಿಯಲ್ಲಿ ಇದ್ದು ಟ್ಯಾಂಕಿನಲ್ಲಿ ಇಲ್ಲದಿದ್ದರೆ ಟ್ಯಾಂಕಿನ ತಳದ ಕೆಸರು ಕ್ಲೋರಿನ್ ನುಂಗಿರಬಹುದು, ಗುತ್ತಿಗೆದಾರನಿಂದ ತೊಳೆಸಬೇಕು. ಪರೀಕ್ಷೆಯ ನೀರನ್ನು ಕೊಡಕ್ಕೆ ವಾಪಸು ಸುರಿಯಬೇಡಿ, ಆ ದ್ರಾವಣ ವಿಷ.

ಮಾತಾಡಿಸುವಾಗ ‘ಆಶಾ ಬರ್ತಾರೇನ್ರಿ?’ ಎಂದರೆ ‘ಹೂಂರಿ’ ಎಂದೇ ಉತ್ತರ, ಬಂದವರ ಮನಸ್ಸು ನೋಯಿಸಬಾರದಲ್ಲ. ‘ಅಕ್ಕಾರ, ನರ್ಸಬಾಯಿ ಬಂದು ಎಷ್ಟ ದಿನ ಆತು? ಕೂಸಿನ ಕಾರ್ಡ್ ತೋರಸ್ತೀರೇನು?’ ಎಂದು ಕೇಳಿ. ಕಾರ್ಡಿನ ಕೊನೆಯ ಸೂಜಿಯ ತಾರೀಖು ಸುಳ್ಳು ಹೇಳುವುದಿಲ್ಲ. ಹೆಸರು, ಫೋಟೋ, ಫೋನ್ ನಂಬರ್ ಬರೆದುಕೊಳ್ಳಬೇಡಿ; ಕೂಸಿನ ವಯಸ್ಸು ತಿಂಗಳಲ್ಲಿ, ಬಾಕಿ ಸೂಜಿ ಯಾವುದು, ಇಷ್ಟೇ. ಕೂಲಿಯಾಳುಗಳ ಮೇಸ್ತ್ರಿ, ಅಂದರೆ ಮುಕಾದಮ, ಪಕ್ಕದಲ್ಲಿ ನಿಂತಿದ್ದರೆ ಆ ಸಾಲಿನ ಎದುರು ಒಂದು ಚುಕ್ಕೆ ಇಡಿ, ಆ ಉತ್ತರಗಳನ್ನು ಬೇರೆಯಾಗಿ ಎಣಿಸಬೇಕಾಗುತ್ತದೆ.

ಸ್ವಾಸ್ಥ್ಯದ ಅಧ್ಯಾಯ

ಸಾಮಾನ್ಯವಾಗಿ ಇದು ಕೊನೆಯ ಎರಡು ಪುಟ: ಯೋಗ ದಿನ, ಉದ್ಯಾನ, ಒಂದು ಛಾಯಾಚಿತ್ರ. ಹೆಚ್ಚು ಹೊತ್ತು ಕಳೆಯಬೇಡಿ, ಆದರೆ ಮೂರು ವಿಷಯ ಪರೀಕ್ಷಿಸಿ. ಉದ್ಯಾನ ಮಧ್ಯಾಹ್ನ ಬೀಗ ಹಾಕಿರುತ್ತದೆಯೇ? ಮುದುಕರು ದವಾಖಾನೆಗೆ ನಡೆದುಹೋಗುವ ಪಾದಚಾರಿ ಮಾರ್ಗದ ಮೇಲೆ ಏನು ನಿಂತಿದೆ? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ದವಾಖಾನೆಯ ಗೋಡೆಯ ಮೇಲಿದೆಯೇ, ಕ್ಯಾಂಪಿನಲ್ಲಿ ಕನ್ನಡದಲ್ಲಿ ಇದೆಯೇ? ಹವೆಯ ವಿಷಯ ಬಂದರೆ ವಾರ್ಷಿಕ ಸರಾಸರಿ ಕೇಳಿ. ಹವೆಯಲ್ಲಿನ ಸಣ್ಣ ಧೂಳಿನ ಕಣಗಳಿಗೆ ರಾಷ್ಟ್ರೀಯ ಮಿತಿ ಇದೆ: ಪಿಎಂ 2.5ಕ್ಕೆ ಘನ ಮೀಟರಿಗೆ 40 ಮೈಕ್ರೋಗ್ರಾಂ, ಪಿಎಂ 10ಕ್ಕೆ 60. ಮಳೆಗಾಲದ ಒಂದು ಒಳ್ಳೆಯ ದಿನ ಎಲ್ಲರ ಹವೆಯೂ ಚೆನ್ನಾಗಿರುತ್ತದೆ.

ಬರೆದುಕೊಡುವುದು

ನಾಲ್ಕು ಪುಟ ಮೀರಬೇಡಿ. ಮೊದಲ ಪುಟದಲ್ಲಿ ಐದು ಬೇಡಿಕೆ, ಪ್ರತಿಯೊಂದಕ್ಕೂ ಯೋಜನೆಯ ಪುಟ ಸಂಖ್ಯೆ, ಈಗಿನ ವಾಕ್ಯ, ಬದಲಿ ವಾಕ್ಯ. ಮಿಕ್ಕ ಮೂರರಲ್ಲಿ ಕೋಷ್ಟಕ. ಮರಾಠಿಯಲ್ಲಿ ಕೊಡಿ, ಕ್ಯಾಂಪಿನವರಿಗೆ ಓದಿ ಹೇಳಲು ಕನ್ನಡದ್ದೊಂದು ಇರಲಿ. ಆರೋಗ್ಯಾಧಿಕಾರಿಗೆ, ಕ್ಷೇತ್ರೀಯ ಕಾರ್ಯಾಲಯಕ್ಕೆ, ನಗರಸೇವಕರಿಗೆ (ಕಾರ್ಪೊರೇಟರಿಗೆ) ಒಂದೊಂದು ಪ್ರತಿ. ಪತ್ರ ಸ್ವೀಕರಿಸಿದ್ದಕ್ಕೆ ಕೊಡುವ ಆವಕ್ ನಂಬರ್, ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ.

ಹೊತ್ತು ಮುಖ್ಯ. ಮಾರ್ಚಿನಲ್ಲಿ ಕೊಟ್ಟ ಬೇಡಿಕೆಗೆ ದುಡ್ಡಿರುವುದಿಲ್ಲ. ಪುಣೆಯಲ್ಲಿ 2006ರಿಂದ ನಾಗರಿಕರ ಸಹಭಾಗಿ ಅಂದಾಜಪತ್ರಕದ ಪದ್ಧತಿಯಿದೆ, ಸಲಹೆಗಳನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಕೇಳುತ್ತಾರೆ. ಟ್ಯಾಂಕ್ ದುರಸ್ತಿ, ದವಾಖಾನೆಗೆ ರ‍್ಯಾಂಪ್ ಥರದ ಸಣ್ಣ ಕೆಲಸಗಳನ್ನು ಅಲ್ಲಿ ಹಾಕಿ. ಹುದ್ದೆ, ಔಷಧ, ಹೊಸ ದವಾಖಾನೆಯಂಥ ದೊಡ್ಡವು ಸ್ಥಾಯಿ ಸಮಿತಿಗೆ ಅಂದಾಜಪತ್ರಕ ಹೋಗುವ ಮೊದಲು, ಡಿಸೆಂಬರಿನೊಳಗೆ ತಲುಪಬೇಕು.

ಮಾಹಿತಿ ಅರ್ಜಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಉತ್ತರ ಬಂದರೆ ಎಕ್ಸೆಲ್ಲಿನಲ್ಲಿ ಏಳನೇ ಕಾಲಮ್ ಸೇರಿಸಿ, ತಾರೀಖು ಸಮೇತ. ಆರು ತಿಂಗಳ ಮೇಲೆ ಅದೇ ಮೂರು ಜಾಗದ ನೀರನ್ನು ಅದೇ ಹೊತ್ತಿನಲ್ಲಿ ಮತ್ತೆ ಪರೀಕ್ಷಿಸಿ ಹಳೆಯ ಅಂಕಿಯ ಪಕ್ಕ ಬರೆಯಿರಿ. ಕ್ಯಾಂಪ್ ಎತ್ತಿಕೊಂಡು ಹೋಗಿದ್ದರೆ ಎಲ್ಲಿಗೆ ಹೋಯಿತು ಎಂದು ಮುಕಾದಮನನ್ನು ಕೇಳಿ, ಹೊಸ ವಿಳಾಸವನ್ನು ಅಲ್ಲಿನ ದವಾಖಾನೆಗೆ ತಲುಪಿಸಿ.